ಹ್ಯಾಮಿಲ್ಟನ್ನಿನಲ್ಲಿ ಇಳಿದ ಅತ್ತೆ

ರಾತ್ರಿ ಒಂದೂವರೆಗೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಯೊಂದು ಗುರ್ರೆಂದಿತು. ತಟ್ಟೆಯ ಮೇಲೆ ಫೋನಿಟ್ಟು ಮರೆತು ಮಲಗಿದ್ದೆ. ಡಬ್ಲಿನ್‌ನಲ್ಲಿ ಆಗ ಬೆಳಗಿನ ಆರೂವರೆ. ಅಲ್ಲಿ ನನ್ನ ಮೈದುನ ಸುಧನ್ವನ ಮನೆಯಲ್ಲಿ ಮೂರು ತಿಂಗಳು ಇದ್ದ ಅತ್ತೆ ಅಂದು ಮಧ್ಯಾಹ್ನ ವಿಮಾನ ಹತ್ತಿ ಕೆನಡಾಕ್ಕೆ, ನಮ್ಮಲ್ಲಿಗೆ ಬರುವವರಿದ್ದರು. ಏನೋ ಆಗಿದೆ ಎಂದುಕೊಂಡೇ ಮೆಟ್ಟಿಲಿಳಿದು ಓಡಿದೆ.

ಏನೂ ಆಗಿರಲಿಲ್ಲ. ವಿಮಾನದ ಕಂಪನಿಯಿಂದ ಇ-ಮೇಲ್ ಬಂದಿತ್ತು. 'ಪ್ರಯಾಣಿಕರ ಹೆಸರು: ವೇದಾ. ನಡೆಯಲಾರರು, ಮೆಟ್ಟಿಲು ಹತ್ತಿ ಇಳಿಯಲಾರರು. ಎರಡೂ ಕಡೆ ವೀಲ್‌ಚೇರ್ ಮತ್ತು ಲಿಫ್ಟ್ ಇರುವ ವ್ಯಾನ್ ಸಿದ್ಧವಾಗಿರುತ್ತವೆ.'

ಅತ್ತೆಗೆ ಎಪ್ಪತ್ತೊಂದು. ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕದೆ ಕಾಫಿ ಮುಟ್ಟುವವರಲ್ಲ.

ಇದು ನಮ್ಮವರೆಲ್ಲ ಮಾಡುವುದೇ. ಅಪ್ಪನೋ ಅಮ್ಮನೋ ಒಬ್ಬರೇ ಬರುವಾಗ, ಕಾಲು ಗಟ್ಟಿಯಿದ್ದರೂ ವೀಲ್‌ಚೇರ್ ಕೇಳುತ್ತೇವೆ. ಅದು ಕಾಲಿಗಲ್ಲ, ದಾರಿಗೆ. ಭಾಷೆ ಬಾರದವರನ್ನು ಯಾರೋ ತಳ್ಳಿಕೊಂಡು ಬಂದು ನಮ್ಮ ಕೈಗೆ ಒಪ್ಪಿಸುತ್ತಾರೆ ಎಂಬ ಧೈರ್ಯಕ್ಕೆ. ಟಿಕೆಟ್ ತೆಗೆಯುವಾಗ ಮೂರು ಬಾಕ್ಸ್‌ಗಳಿದ್ದವು: ದೂರ ನಡೆಯುವುದು ಕಷ್ಟ, ಮೆಟ್ಟಿಲು ಕಷ್ಟ, ನಡೆಯುವುದು ಸಾಧ್ಯವೇ ಇಲ್ಲ. ಮೊದಲನೆಯದಕ್ಕೆ ಟಿಕ್ ಮಾಡಿದರೆ ಅರ್ಧ ದಾರಿಯಲ್ಲಿ ಬಿಟ್ಟುಹೋಗುತ್ತಾರೆ ಎಂದು ಗೆಳತಿ ಮಾಲವಿಕಾ ಹೆದರಿಸಿದ್ದಳು. ನಾನು ಮೂರನೆಯದಕ್ಕೆ ಟಿಕ್ ಮಾಡಿದ್ದೆ.

ಆದರೆ ಅತ್ತೆಯ ವೀಸಾಕ್ಕೆ ಬೇಕಾದ ಆರೋಗ್ಯ ವಿಮೆಯ ಅರ್ಜಿಯನ್ನು ತುಂಬಿದವಳೂ ನಾನೇ. ಅದರಲ್ಲಿ ಬರೆದಿದ್ದೆ: 'ನಡೆದಾಡಲು ಯಾವ ತೊಂದರೆಯೂ ಇಲ್ಲ.' ಆ ಕಾಗದ ಅತ್ತೆಯ ಕೈಚೀಲದಲ್ಲಿತ್ತು. ಅದನ್ನು ಹಿಡಿದುಕೊಂಡು, ನಡೆಯಲಾಗದವರ ಕುರ್ಚಿಯಲ್ಲಿ ಕೂತು ಅವರು ಇಮಿಗ್ರೇಷನ್ ಅಧಿಕಾರಿಯ ಮುಂದೆ ಹೋಗುತ್ತಾರೆ. ಎರಡರಲ್ಲಿ ಒಂದು ಸುಳ್ಳೆಂದು ಯಾರಿಗಾದರೂ ತಿಳಿಯುತ್ತದೆ. ನಾನಿರುವುದೂ ವಿಮಾ ಕಂಪನಿಯಲ್ಲೇ. ಗ್ರಾಹಕರಿಗೆ ಹೋಗುವ ಪತ್ರಗಳನ್ನು ಬರೆಯುವ ಕೆಲಸ. 'ಅರ್ಜಿಯಲ್ಲಿ ತಪ್ಪು ಮಾಹಿತಿ ನೀಡಿದ್ದರಿಂದ' ಎಂದು ಶುರುವಾಗುವ ಪತ್ರವನ್ನು ಎಷ್ಟು ಸಲ ತಿದ್ದಿದ್ದೇನೋ. ಅದರ ಮುಂದಿನ ಸಾಲುಗಳೆಲ್ಲ ನನಗೆ ಬಾಯಿಪಾಠ.

ಟಿಕ್ ಬದಲಾಯಿಸಬಹುದೇ ಎಂದು ವಿಮಾನ ಕಂಪನಿಯ ಚಾಟ್‌ನಲ್ಲಿ ಕೇಳಿದೆ. ನಲವತ್ತೆಂಟು ಗಂಟೆ ಮೊದಲೇ ಬದಲಾಯಿಸಬೇಕಿತ್ತು, ಧನ್ಯವಾದ ಎಂದು ಉತ್ತರ ಬಂತು. ಅತ್ತೆಗೆ ಫೋನ್ ಮಾಡಲು ಧೈರ್ಯವಾಗಲಿಲ್ಲ. ಹೊರಡುವ ಹೊತ್ತಿಗೆ ನನ್ನ ಭಯವನ್ನು ಅವರ ತಲೆಗೂ ಕಟ್ಟುವುದೇ? ಗಂಡನನ್ನೂ ಎಬ್ಬಿಸಲಿಲ್ಲ.

ಸಂಜೆ ಟೊರೊಂಟೊ ಪಕ್ಕದ ನಮ್ಮ ಊರು ವಾನ್‌ನಿಂದ ಹೊರಟೆವು. ಆ ವರ್ಷವಷ್ಟೇ ಆ ವಿಮಾನ ಶುರುವಾಗಿತ್ತು: ಡಬ್ಲಿನ್‌ನಿಂದ ನೇರ ಹ್ಯಾಮಿಲ್ಟನ್‌ಗೆ. ದೊಡ್ಡ ಊರಿನ ನಿಲ್ದಾಣ ಬಿಟ್ಟು ಪಕ್ಕದ ಊರಿನ ಸಣ್ಣ ನಿಲ್ದಾಣಕ್ಕೆ ಸಾಗರ ದಾಟಿ ಬರುವ ಯೋಚನೆ ನನಗೆ ಬಹಳ ಹಿಡಿಸಿತ್ತು. ಟೊರೊಂಟೊದ ಪಿಯರ್ಸನ್ ನಿಲ್ದಾಣದ ಮುಗಿಯದ ಕಾರಿಡಾರುಗಳಲ್ಲಿ ಅತ್ತೆ ಒಬ್ಬರೇ ನಡೆಯುವುದನ್ನು ನೆನೆಯಲೂ ನನಗೆ ಆಗುತ್ತಿರಲಿಲ್ಲ. ಆಯ್ಕೆ ನನ್ನದೇ ಆದ್ದರಿಂದ ಗಂಡ ಸತ್ಯಪ್ರಕಾಶ್ ದಾರಿಯುದ್ದಕ್ಕೂ ಛೇಡಿಸಿದರು.

"ಟೊರೊಂಟೊ ಅಂತ ಅಡ್ವರ್ಟೈಸ್ ಮಾಡಿ ಹ್ಯಾಮಿಲ್ಟನ್ನಲ್ಲಿ ಇಳಿಸ್ತಾರೆ. ಬೆಂಗಳೂರು ಅಂತ ಟಿಕೆಟ್ ಕೊಟ್ಟು ತುಮಕೂರಲ್ಲಿ ಇಳಿಸಿದ ಹಾಗೆ."

"ತುಮಕೂರಲ್ಲಿ ಪಾರ್ಕಿಂಗ್ ಸಿಗತ್ತೆ."

"ಸಿಗತ್ತೆ, ಸಿಗತ್ತೆ. ಪಕ್ಕದಲ್ಲೇ ಜೋಳದ ಹೊಲಾನೂ ಇರತ್ತೆ. ನಮ್ಮಮ್ಮ ಪಾರ್ಸೆಲ್ಲಾ, ಕಾರ್ಗೋ ಏರ್‌ಪೋರ್ಟಿಗೆ ತರಿಸ್ಕೊಂಡಿದ್ದೀಯಲ್ಲ!"

"ರೀ, ಇಮಿಗ್ರೇಷನ್ನಲ್ಲಿ ಏನಾದ್ರೂ ಕೇಳಿದ್ರೆ?"

"ಕೇಳೋದೇ ಅವರ ಕೆಲಸ. ಅಮ್ಮ ಉತ್ತರ ಕೊಡ್ತಾರೆ. ನೀನು ಇಲ್ಲಿ ಕೂತು ಯಾಕೆ ಬೆವರ್ತೀಯ?"

ಹೊಲಗಳು ನಿಜಕ್ಕೂ ಇದ್ದವು. ನಿಲ್ದಾಣದ ಮುಂದೆ ಕಾರು ನಿಲ್ಲಿಸುವಷ್ಟರಲ್ಲಿ ಅವರಿಗೆ ಆಫೀಸಿನ ಕಾಲ್ ಬಂತು. ಸರ್ವರ್ ಏನೋ ಬಿದ್ದಿತ್ತು. "ನೀನು ಒಳಗೆ ಹೋಗಿರು, ಅಮ್ಮ ಬಂದ ತಕ್ಷಣ ಟೆಕ್ಸ್ಟ್ ಮಾಡು" ಎಂದು ಲ್ಯಾಪ್‌ಟಾಪ್ ತೆಗೆದರು.

ಒಳಗೆ ಒಂದೇ ಬಾಗಿಲು. ಅದರ ಮುಂದೆ ನಲವತ್ತು ಜನ. ವಿಮಾನ ಆಗಲೇ ಇಳಿದಿತ್ತು. ಬಾಗಿಲು ತೆರೆದಾಗಲೆಲ್ಲ ಕುತ್ತಿಗೆ ಚಾಚಿದೆ. ಬೆನ್ನುಚೀಲದ ಹುಡುಗರು ಬಂದರು, ಮಗುವನ್ನು ಹೆಗಲಿಗೆ ಹಾಕಿಕೊಂಡ ದಂಪತಿ ಬಂದರು. ಇಪ್ಪತ್ತು ನಿಮಿಷವಾಯಿತು. ಮೂವತ್ತೈದಾಯಿತು. ವೀಲ್‌ಚೇರಿನವರನ್ನು ಮೊದಲು ಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಮೊದಲು ಬಿಟ್ಟಿಲ್ಲವೆಂದರೆ ಎಲ್ಲೋ ಕೂರಿಸಿದ್ದಾರೆ. ಕೂರಿಸಿದ್ದಾರೆಂದರೆ ಏನೋ ಕೇಳುತ್ತಿದ್ದಾರೆ. ಅಧಿಕಾರಿ ಹೊರಗೆ ಬಂದು ನನ್ನ ಹೆಸರು ಕೂಗಿದರೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ. 'ತಪ್ಪು ನನ್ನದು, ಅವರಿಗೆ ಏನೂ ಗೊತ್ತಿಲ್ಲ.' ಅದಕ್ಕಿಂತ ಒಳ್ಳೆಯ ವಾಕ್ಯ ಸಿಗಲಿಲ್ಲ.

ಮತ್ತೆ ಬಾಗಿಲು ತೆರೆಯಿತು. ವೀಲ್‌ಚೇರ್ ಬಂತು. ಅದರಲ್ಲಿ ಬೆಳ್ಳಿಕೂದಲಿನ ಬಿಳಿಯ ಹೆಂಗಸೊಬ್ಬರು ಕೂತಿದ್ದರು. ಅವರ ತೊಡೆಯ ಮೇಲೆ ಅತ್ತೆಯ ಕೈಚೀಲ. ಆಮೇಲೆ ಕುರ್ಚಿಯ ಹಿಂದೆ ಕಣ್ಣು ಹೋಯಿತು. ಹಸಿರು ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಬೂಟು. ಎರಡೂ ಕೈಯಲ್ಲಿ ಕುರ್ಚಿ ತಳ್ಳಿಕೊಂಡು ಅತ್ತೆ ಬರುತ್ತಿದ್ದರು. ಅವರ ಹಿಂದೆ ನಿಲ್ದಾಣದ ಸಮವಸ್ತ್ರದ ಒಬ್ಬಾತ ಸೂಟ್‌ಕೇಸ್‌ಗಳ ಗಾಡಿ ತಳ್ಳುತ್ತ ನಗುತ್ತಿದ್ದ.

"ಏನೇ ನೀರಜಾ, ಸುಣ್ಣ ಬಳಿದ ಹಾಗಿದೆ ಮುಖ. ಊಟ ಮಾಡಿದ್ಯೋ ಇಲ್ವೋ?"

ನನಗೆ ಅಳು ಬಂತು. ಅಳುವುದೋ ನಗುವುದೋ ತಿಳಿಯದೆ ಅವರ ಕೈ ಹಿಡಿದುಕೊಂಡೆ. ಕುರ್ಚಿಯಲ್ಲಿದ್ದ ಹೆಂಗಸಿನ ಮಗಳು ಅವರನ್ನು ಕರೆದೊಯ್ಯಲು ಗ್ವೆಲ್ಫ್ ಊರಿನಿಂದ ಬಂದಿದ್ದಳು. ಹೊರಡುವ ಮೊದಲು ಆ ತಾಯಿ ನನ್ನತ್ತ ತಿರುಗಿ, ನಿಮ್ಮ ಅಮ್ಮ ಭಾರಿ ಗಟ್ಟಿಗಿತ್ತಿ, ವಾದ ಮಾಡಿ ಗೆಲ್ಲುವುದಕ್ಕಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹದಿಮೂರು ವರ್ಷದಿಂದ ಗೊತ್ತು ಎಂದೆ.

ಅವರು ಹೋದ ಮೇಲೆ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿದೆ.

"ನೀವ್ಯಾಕೆ ಅತ್ತೆ ತಳ್ಕೊಂಡು ಬಂದ್ರಿ? ಅದು ನಿಮ್ಮ ಕುರ್ಚಿ."

"ನನಗೆ ಬೇಡವಾಗಿತ್ತು ಕಣೆ. ಡಬ್ಲಿನ್ನಲ್ಲಿ ಕೂತೆ, ಸುಧನ್ವ ಎದುರಿಗಿದ್ದ ಅಂತ. ಆ ಕೌಂಟರಿನ ಹುಡುಗಿ ನನ್ನ ಮುಖ ಕೂಡ ನೋಡ್ಲಿಲ್ಲ. 'ಇವರಿಗೆ ನೀರು ಬೇಕಾ' ಅಂತ ಅವನನ್ನ ಕೇಳ್ತಾಳೆ. ನಾನೇನು ಕುಂಡದ ಗಿಡವಾ? ಆಮೇಲೆ ತರಕಾರಿ ಲಾರಿ ಥರದ್ದರಲ್ಲಿ ಹಾಕಿ ಮೇಲಕ್ಕೆತ್ತಿದ್ರು. ಥೂ."

"ಇಲ್ಲಿ?"

"ಇಲ್ಲೂ ಅದೇ ಲಾರಿ ಬಂತು. ಪಕ್ಕದ ಸೀಟಿನವಳಿಗೆ ಮಂಡಿ ಊದಿಕೊಂಡಿತ್ತು. ಏನೂ ಕೇಳಿರಲಿಲ್ಲ ಪಾಪ, ನಾಚ್ಕೊಂಡಿದ್ಳು. ನಾನು ಎದ್ದು ನಿಂತು, 'ದಿಸ್ ಲೇಡಿ, ನಾಟ್ ಮಿ' ಅಂದೆ. ಅವಳು ನೋ ನೋ ಅಂದ್ಳು. ಕೋಡುಬಳೆ ತಿಂದಾಗ ನೋ ಅನ್ನಲಿಲ್ಲ, ಈಗೇನು ಅಂತ ಹಿಡಿದು ಕೂರಿಸಿದೆ. ಮೆಟ್ಟಿಲು ಇಳ್ಕೊಂಡು ಬಂದೆ. ಎಷ್ಟು ಚೆನ್ನಾಗಿ ಗಾಳಿ ಬೀಸ್ತಾ ಇತ್ತು ಗೊತ್ತಾ?"

"ಆಫೀಸರ್? ಆಫೀಸರ್ ಏನು ಕೇಳಿದ್ರು?"

"ವೀಲ್‌ಚೇರ್ ನಿಮ್ಮದಲ್ವಾ ಅಂದ. 'ಡಾಟರ್ ಇನ್ ಲಾ ಫಿಯರ್. ಮೈ ಲೆಗ್ ನೋ ಫಿಯರ್' ಅಂದೆ."

"ಆಮೇಲೆ?"

"ನಕ್ಕ. ಇನ್ಶೂರೆನ್ಸ್ ಕಾಗದ ತಿರುವಿ ಹಾಕಿದ. ನಾನು ಅವನ ಮುಂದೆ ನಾಲ್ಕು ಹೆಜ್ಜೆ ಹೋಗಿ ಬಂದೆ, ನೋಡ್ಲಿ ಅಂತ. ಎಷ್ಟು ದಿನ ಇರ್ತೀರಿ ಅಂದ. ಸೊಸೆ ಒಳ್ಳೆ ಅಡುಗೆ ಮಾಡಿದ್ರೆ ಆರು ತಿಂಗಳು ಅಂದೆ. ಅಲ್ಲೊಬ್ಬ ಪಂಜಾಬಿ ಹುಡುಗ ಹಿಂದೀಲಿ ಕೇಳಿ ಇಂಗ್ಲಿಷಲ್ಲಿ ಹೇಳ್ತಿದ್ದ. ಆಫೀಸರ್ ಸ್ಟ್ಯಾಂಪ್ ಹೊಡೆದ. ತಡ ಆಗಿದ್ದು ಆ ಪಕ್ಕದ ಸೀಟಿನವಳ ಸೂಟ್‌ಕೇಸ್ ಸಿಗದೆ."

ಬೆಂಚಿಗೆ ಒರಗಿಕೊಂಡೆ. ಹಿಂದಿನ ರಾತ್ರಿಯಿಂದ ಎತ್ತಿ ಹಿಡಿದಿದ್ದ ಭುಜಗಳು ತಾವಾಗಿ ಇಳಿದವು. ವಿಮೆಯ ಅರ್ಜಿಯಲ್ಲಿ ಬರೆದದ್ದು ನಿಜವೇ ಆಗಿತ್ತು. ಸುಳ್ಳಾಗಿದ್ದದ್ದು ಕುರ್ಚಿ ಮಾತ್ರ. ಆ ಸುಳ್ಳನ್ನು ಅತ್ತೆ ನಡೆದೇ ಅಳಿಸಿದ್ದರು. ಹೊಟ್ಟೆ ಹಸಿದದ್ದು ಆಗ ತಿಳಿಯಿತು. ಅತ್ತೆ ಚೀಲದಿಂದ ಉಳಿದ ಎರಡು ಕೋಡುಬಳೆ ತೆಗೆದುಕೊಟ್ಟರು.

ತಿನ್ನುತ್ತಲೇ ನಿಜ ಹೇಳಿದೆ. "ನಿಮಗೆ ನಡೆಯಕ್ಕೇ ಆಗಲ್ಲ ಅಂತ ಬರೆದಿದ್ದು ನಾನು ಅತ್ತೆ. ತಪ್ಪಾಯ್ತು."

"ಗೊತ್ತು. ಸುಧನ್ವನಿಗೆ ಇಷ್ಟೊಂದು ಹೆದರಿಕೆ ಎಲ್ಲಿದೆ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ನನ್ನ ಮೊಣಕೈ ಮುಟ್ಟಿ ಹೇಳಿದರು: "ನೋಡು, ಈ ಹುಡುಗರಿಗೆ ಗೊತ್ತಾದ್ರೆ ಫಜೀತಿ. ಸಾಹಸ ಮಾಡಿದ್ಳು ಅಂತ ಅಣ್ಣ ತಮ್ಮ ಸೇರಿ ಇನ್ನು ನನ್ನ ಒಬ್ಬಳೇ ಬಿಡಲ್ಲ. ನನಗೆ ಒಬ್ಬಳೇ ಬಂದಿದ್ದು ಹಿತವಾಗಿತ್ತು ನೀರಜಾ. ಏಳು ಗಂಟೆ ಹೊತ್ತು ಯಾರೂ 'ಅಮ್ಮಾ ಹುಷಾರು' ಅನ್ನಲಿಲ್ಲ."

ಆ ಮಾತು ಎಲ್ಲರಿಗಿಂತ ಹೆಚ್ಚು ಸಲ ಹೇಳುವವಳು ನಾನು.

ಗಂಡನಿಗೆ ಟೆಕ್ಸ್ಟ್ ಮಾಡಿದೆ. ಕಾರು ಬಾಗಿಲಿಗೇ ಬಂತು. ಅಮ್ಮನನ್ನು ತಬ್ಬಿಕೊಂಡು, ಸೂಟ್‌ಕೇಸ್ ಒಳಗಿಟ್ಟು, ಹೆದ್ದಾರಿ ಸೇರಿದ ಮೇಲೆ ಅವರು ಕೇಳಿದರು:

"ಅಮ್ಮ, ವೀಲ್‌ಚೇರ್ ಸರಿಯಾಗಿ ಬಂತಾ?"

ಅತ್ತೆ ಕಿಟಕಿಯಾಚೆ ನೋಡತೊಡಗಿದರು.

"ಬಂತು ರೀ" ಎಂದೆ.

"ನೋಡಿದ್ಯಾ? ಸುಮ್‌ಸುಮ್ನೆ ಟೆನ್ಷನ್ ತಗೊಂಡೆ. ಆರಾಮಾಗಿ ಬಂದ್ಯಾ ಅಮ್ಮ?"

"ಆರಾಮಾಗಿ ಬಂದೆ ಕಣೋ."

ಅವರು ತೃಪ್ತಿಯಿಂದ ತಲೆಯಾಡಿಸಿ, ಸುಧನ್ವ ಮಲಗದೆ ಕಾಯುತ್ತಿರುತ್ತಾನೆ, ಫೋನ್ ಮಾಡಿ ಹೇಳು ಎಂದರು. ಮದುವೆಯಾದಾಗಿನಿಂದ ರಾತ್ರಿ ದೀಪ ಆರಿಸುವ ಮೊದಲು ದಿನದ ಭಯಗಳನ್ನೆಲ್ಲ ಇವರಿಗೆ ಒಪ್ಪಿಸುವುದು ನನ್ನ ಅಭ್ಯಾಸ. ಇವತ್ತಿನದಂತೂ ನಾಲಗೆಯ ತುದಿಯಲ್ಲಿತ್ತು. ಪಕ್ಕದಲ್ಲಿ ಅತ್ತೆ ಬೂಟು ಬಿಚ್ಚಿ, ಕಾಲು ಮಡಿಸಿ ಕೂತು, ಆಗಲೇ ತೂಕಡಿಸುತ್ತಿದ್ದರು. ನಾನು ಮೈದುನನ ನಂಬರ್ ಒತ್ತಿದೆ. ಅಮ್ಮ ತಲುಪಿದರು, ಏನೂ ತೊಂದರೆಯಾಗಲಿಲ್ಲ ಎಂದಷ್ಟೇ ಹೇಳುವುದು. ಉಳಿದದ್ದನ್ನು ಇವರಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ.