ಮುಖ ಕೆಂಪಾಗಿಸುವ ಮಾತ್ರೆ

ನನ್ನ ಕೊರಳ ಸುತ್ತ ಕಪ್ಪು ಪಟ್ಟಿ ಮೂಡಿದಾಗ ಅತ್ತೆ ನೀಲಗಂಗಮ್ಮ ಅದನ್ನು ಕೊಳೆ ಅಂದರು. ಸೀಗೆಪುಡಿ ಹಾಕಿ ತಿಕ್ಕಿದೆ. ಚರ್ಮ ಎದ್ದು ಬಂತೇ ಹೊರತು ಕಪ್ಪು ಹೋಗಲಿಲ್ಲ. ಆಮೇಲೆ ಮುಂಗೈಗೂ ಅದೇ ಬಂತು. ಬಿಸಿಲಿಗೆ ಹೋದರೆ ಉರಿ, ಬಾಯೊಳಗೆ ಹುಣ್ಣು, ಭೇದಿಯಂತೂ ನಿಲ್ಲುತ್ತಲೇ ಇರಲಿಲ್ಲ. ಆಗ ಅತ್ತೆ ಕೊಳೆ ಅನ್ನುವುದನ್ನು ಬಿಟ್ಟು ದೊಡ್ಡ ರೋಗ ಅಂದರು. ಕುಷ್ಠದ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ತಾಟು, ತಂಬಿಗೆ ಬೇರೆಯಾದವು. ಮಗಳನ್ನು ಅತ್ತೆ ತಮ್ಮ ಮಗ್ಗುಲಿಗೆ ಎತ್ತಿಕೊಂಡು ಹೋದರು. ಅದು ಬಾಗಿಲಲ್ಲಿ ನಿಂತು ಅವ್ವಾ ಅವ್ವಾ ಅಂತ ಅತ್ತರೂ ನಾನು ಮುಟ್ಟುವಂತಿರಲಿಲ್ಲ.

ನನ್ನ ಬಾಯಿ ಸಣ್ಣದಲ್ಲ. ನನ್ನ ತವರು ಕಮಲಾಪುರದ ಬಾವಿಕಟ್ಟೆಯ ಮೇಲೆ ನನ್ನೆದುರು ಗೆದ್ದವರಿಲ್ಲ. ಅಂಥವಳು ಮದುವೆಯಾಗಿ ಕಲಬುರ್ಗಿಗೆ ಬಂದು, ಸೆರಗಿನಿಂದ ಕೊರಳು ಮುಚ್ಚಿಕೊಂಡು ಹಿತ್ತಲಲ್ಲಿ ಬಿದ್ದಿದ್ದೆ. ಸುದ್ದಿ ತಿಳಿದು ಅಪ್ಪ ಓಡಿ ಬಂದ. ಅಪ್ಪ ಅಣವೀರಪ್ಪ ಬಾಳೆ ಬೆಳೆಯುವವನು. ಬಂದಾಗಲೆಲ್ಲ ನಾನು ತಿನ್ನಲಿ ಅಂತ ಕೆಂಪು ಬಾಳೆಯ ಗೊನೆ ತರುತ್ತಿದ್ದ, ಅವತ್ತೂ ತಂದಿದ್ದ. ಯಾರು ಬೇಡ ಅಂದರೂ ಕೇಳದೆ ನನ್ನ ಕೈ ಹಿಡಿದು ಟಾಂಗಾ ಹತ್ತಿಸಿದ. ಯಜಮಾನರು ಮುಂದೆ ಟಾಂಗಾವಾಲಾನ ಪಕ್ಕ ಕೂತರು.

ಆಗ ಎರಡನೆಯ ಜರ್ಮನ್ ಲಡಾಯಿ ನಡೆದಿತ್ತು, ಹೊರಗಿನ ಔಷಧ ಸಿಗುವುದೇ ಕಷ್ಟ. ದವಾಖಾನೆಯಲ್ಲಿ ಡಾಕ್ಟರ್ ಬುರ್ಹಾನುದ್ದೀನ್ ಸಾಹೇಬರು ಕಪ್ಪು ಕಲೆಗೆ ಸೂಜಿ ಚುಚ್ಚಿ, ನೋವಾಗುತ್ತದೆಯೇ ಅಂತ ಕೇಳಿದರು. ಆಗುತ್ತದೆ ಅಂದೆ. ದೊಡ್ಡ ರೋಗವಾಗಿದ್ದರೆ ನೋವು ತಿಳಿಯುತ್ತಿರಲಿಲ್ಲ ಅಂತ ತಲೆಯಾಡಿಸಿದರು.

"ಬೇಟಿ, ದಿನಾ ಏನು ಉಣ್ತಿ?"

ಎಂಥ ಸುಲಭದ ಪ್ರಶ್ನೆ. ಬ್ರಹ್ಮಪುರ ಓಣಿಯಲ್ಲಿ ನಮ್ಮದು ತೊಗರಿಬೇಳೆ ವ್ಯಾಪಾರದ ಮನೆ. ಅಂಗಳದ ತುಂಬ ಬೇಳೆ ಹರವಿರುತ್ತದೆ. ಒಂದು ಪಕ್ಕ ಯಜಮಾನರು, ಇನ್ನೊಂದು ಪಕ್ಕ ದೊಡ್ಡ ಮನೆಗೆ ಮಗಳನ್ನು ಕೊಟ್ಟೆ ಅಂತ ಊರೆಲ್ಲ ಹೇಳಿಕೊಂಡು ಬಂದ ಅಪ್ಪ. ಮನೆಯ ಮರ್ಯಾದೆ ನನ್ನ ತುಟಿಯ ಮೇಲೆ ಕೂತಿತ್ತು. ಬೇಳೆ, ಹಾಲು, ತುಪ್ಪ ಎಲ್ಲ ಉಣ್ಣುತ್ತೇನೆ ಅಂದುಬಿಟ್ಟೆ.

ಸಾಹೇಬರು ಕೈಯೊರಸಿಕೊಂಡರು. ಹಾಗಿದ್ದರೆ ಇದು ತಾವು ಅಂದುಕೊಂಡ, ಊಟ ಸಾಲದೆ ಬರುವ ರೋಗವಲ್ಲ, ಅಂಟುವಂಥದ್ದೂ ಇರಬಹುದು, ಇಲ್ಲೇ ಬೇರೆಯಾಗಿ ಇಟ್ಟು ನೋಡಬೇಕು, ಅಲ್ಲಿಯವರೆಗೆ ಮಗುವನ್ನು ಹತ್ತಿರ ತರಬೇಡಿ ಅಂದರು.

ಮಗುವಿನ ಮಾತು ಬಂತಲ್ಲ, ಮರ್ಯಾದೆ ಎಲ್ಲಿ ಹೋಯಿತೋ. ನೆಲ ನೋಡುತ್ತ ಎಲ್ಲ ಹೇಳಿದೆ. ಗಂಡಸರು ಉಂಡು, ಅತ್ತೆ ಉಂಡು, ಕೊನೆಗೆ ನಾನು ಕೂರುವ ಹೊತ್ತಿಗೆ ಪಾತ್ರೆ ಖಾಲಿ. ಜೋಳದ ರೊಟ್ಟಿ, ಖಾರ. ಮರುದಿನವೂ ರೊಟ್ಟಿ, ಖಾರ. ಬೇಳೆ ಮಾರುವುದಕ್ಕೆ. ಹೇಳಿದಷ್ಟೂ ಮನೆಯವರ ಬಟ್ಟೆಯನ್ನು ನಡುಬಜಾರಿನಲ್ಲಿ ಬಿಚ್ಚುತ್ತಿದ್ದೇನೆ ಅನ್ನಿಸಿ ನಾಚಿಕೆಯಿಂದ ಸತ್ತೆ.

ಅಪ್ಪ ಮೆಲ್ಲಗೆ ಕೇಳಿದ, "ಬಾಳಿಹಣ್ಣು ತರ್ತಿದ್ನಲ್ಲವಾ?"

"ನನ್ನ ಪಾಲಿಗಿ ಸಿಪ್ಪಿ ಅಷ್ಟ. ಅದನ್ನ ಎಮ್ಮಿಗಿ ಹಾಕೀನಿ, ಅಪ್ಪ."

ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಯಜಮಾನರು ಕಿಟಕಿಯ ಕಡೆ ತಿರುಗಿದರು.

ಇದು ಅಂಟುವ ರೋಗವಲ್ಲ, ಬರೀ ಜೋಳದ ರೊಟ್ಟಿ ತಿಂದವರಿಗೆ ಬರುವುದು ಅಂದರು ಸಾಹೇಬರು. ಸಣ್ಣ ಸೀಸೆಯಲ್ಲಿ ಬಿಳಿ ಮಾತ್ರೆ ಕೊಟ್ಟರು. ನಿಕೋಟಿನಿಕ್ ಆಸಿಡ್ ಅಂತ ಹೆಸರು. ಹೆಸರು ಹೊಗೆಸೊಪ್ಪಿನ ನೆಂಟನಂತಿದ್ದರೂ ಅದರಲ್ಲಿ ಹೊಗೆಸೊಪ್ಪಿಲ್ಲ ಅಂತ ನಕ್ಕರು. ಉಂಡ ಮೇಲೆ ಒಂದೇ ಒಂದು. ಮುಖ ಬಿಸಿಯಾಗಿ ಕೆಂಪಾಗಬಹುದು, ಹೆದರಬೇಡಿ, ತಾನೇ ಇಳಿಯುತ್ತದೆ. ಹೆಚ್ಚು ನುಂಗಿದರೆ ಬೇಗ ವಾಸಿಯಾಗುವುದಿಲ್ಲ, ಯಕೃತ್ತು ಕೆಡುತ್ತದೆ. ಕೊನೆಗೆ ಯಜಮಾನರನ್ನೇ ನೋಡಿ ಹೇಳಿದರು:

"ಮಾತ್ರಿ ಊಟ ಅಲ್ಲ ಸಾವ್ಕಾರ್ರ. ಬ್ಯಾಳಿ, ಶೇಂಗಾ, ಹಾಲು ಕೊಡ್ರಿ."

ಅಪ್ಪ ಅಮಾವಾಸ್ಯೆಗೆ ಬಂದು ನೋಡುತ್ತೇನೆ ಅಂತ ಅಲ್ಲಿಂದಲೇ ಕಮಲಾಪುರಕ್ಕೆ ಹೋದ. ಮನೆಗೆ ಬಂದ ಯಜಮಾನರು ತಾಯಿಗೆ ಹೇಳಿದ್ದು ಇಷ್ಟೇ: ಉಷ್ಣ ಆಗಿದೆ, ಮಾತ್ರೆ ಕೊಟ್ಟಿದ್ದಾರೆ. ಇವಳ ಹೊಟ್ಟೆಗೆ ಬೇಳೆ ಬಿದ್ದಿಲ್ಲ, ಇದು ಅಂಟುವುದಿಲ್ಲ ಅನ್ನುವುದನ್ನು ಬಾಯಿಬಿಡಲಿಲ್ಲ. ಅತ್ತೆಗೆ ನಂಬಿಕೆ ಬರಲಿಲ್ಲ, ಮಗಳು ಅವರ ಮಗ್ಗುಲಲ್ಲೇ ಉಳಿದಳು. ನನ್ನ ತಾಟಿಗೆ ಮತ್ತೆ ರೊಟ್ಟಿ, ಖಾರ. ಸಿಟ್ಟು ಬಂತು. ಆದರೂ ಒಮ್ಮೆ ಬಿಚ್ಚಿದ ಬಾಯನ್ನು ಇನ್ನೊಮ್ಮೆ ಬಿಚ್ಚಲು ನಾಚಿಕೆ.

ಅಮಾವಾಸ್ಯೆ ಹತ್ತಿರ ಬಂದಂತೆ ಯಜಮಾನರಿಗೆ ಕಳವಳ. ನನ್ನ ಅಪ್ಪ ಬರುವುದರೊಳಗೆ ಕೊರಳು ಬೆಳ್ಳಗಾಗಬೇಕು. ಒಂದು ಬೆಳಿಗ್ಗೆ, ನಾನು ಇನ್ನೂ ಏನೂ ತಿಂದಿರಲಿಲ್ಲ, ಮೂರು ಮಾತ್ರೆ ಒಟ್ಟಿಗೆ ಅಂಗೈಗೆ ಹಾಕಿ ನುಂಗು ಅಂದರು. ಸಾಹೇಬರು ಬೇಡ ಅಂದಿದ್ದರಲ್ಲ ಅಂದೆ. ಬೇಗ ಗುಣವಾಗಲಿ ಅಂದರು. ಮಗಳು ಬೇಗ ಸಿಗುತ್ತಾಳೆ ಅನ್ನುವ ಆಸೆಗೆ ನುಂಗಿದೆ.

ಸ್ವಲ್ಪ ಹೊತ್ತಿಗೇ ಕಿವಿ ಕಾದವು. ಮುಖ, ಕೊರಳು, ಎದೆ ಮೆಣಸಿನಕಾಯಿ ಹಚ್ಚಿದಂತೆ ಉರಿದು, ತುರಿಸಿ, ಕಮಲಾಪುರದ ಬಾಳೆಹಣ್ಣಿನ ಬಣ್ಣಕ್ಕೆ ಬಂದವು. ತಲೆ ತಿರುಗಿ ಬೀಸುವ ಕಲ್ಲಿನ ಪಕ್ಕ ಕುಸಿದೆ. ಅತ್ತೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಿ ಬಂದರು.

"ಮಾರಿ ಯಾಕ ಹಿಂಗ ಕೆಂಪಾಗ್ಯಾದ? ಏನು ಮಾಡಿ ನಾಚಾಕತ್ತೀ?"

ನಾಚಿಕೆಯಂತೆ. ಮೈಯೆಲ್ಲ ಉರಿಯುವಾಗ ಆ ಮಾತು ಕೇಳಿ ನನ್ನ ಹಳೆಯ ಬಾಯಿ ತಿರುಗಿ ಬಂತು.

"ನಿಮ್ಮ ಮಗನ್ನ ಕೇಳ್ರಿ ಅತ್ತಿ."

ಯಜಮಾನರು ನನ್ನ ತಲೆಗೆ ನೀರು ತಟ್ಟುತ್ತಿದ್ದರು. ಮಗಳು ನನ್ನ ಕಡೆ ಕೈ ಚಾಚಿ ಅಳುತ್ತಿದ್ದಳು, ಅತ್ತೆ ಬಿಡಲಿಲ್ಲ. ಯಜಮಾನರು ಮಗುವನ್ನು ನೋಡಿದರು, ಅಂಗಳದಲ್ಲಿ ಹರವಿದ ಬೇಳೆಯನ್ನು ನೋಡಿದರು.

"ಕೂಸಿನ್ನ ಕೊಡವ್ವಾ. ಅದು ಅಂಟೂ ರೋಗ ಅಲ್ಲ. ನಮ್ಮ ಮನ್ಯಾಗ ಇಕಿಗಿ ಬ್ಯಾಳಿ ಸಿಕ್ಕಿಲ್ಲ, ಅದಕ್ಕ ಬಂದದ."

ಹೇಳುತ್ತ ಹೇಳುತ್ತ ಅವರ ಮುಖ ಕಿವಿಯ ತುದಿಯವರೆಗೂ ಕೆಂಪಾಯಿತು. ಅತ್ತೆ ಗಾಬರಿಯಿಂದ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು.

"ನೀನೂ ಆ ಮಾತ್ರಿ ನುಂಗೀಯೇನೋ?"

"ಇಲ್ಲವ್ವಾ" ಅಂದರು ಯಜಮಾನರು.

ಅತ್ತೆ ನನ್ನ ಮುಖ ನೋಡದೆ ಮಗಳನ್ನು ಕೆಳಗಿಳಿಸಿ, ಅಂಗಳದಿಂದ ಬೊಗಸೆ ತುಂಬ ಬೇಳೆ ಎತ್ತಿಕೊಂಡು ಒಲೆಯ ಕಡೆ ಹೋದರು.