ಜಪಾನಿನ ಕಾಗೆಗೆ ಎಡೆ

ತಾಂಡ್ಯದ ಫ್ಯಾಕ್ಟರಿಯಿಂದ ಎರಡು ತಿಂಗಳ ಟ್ರೈನಿಂಗಿಗೆ ನಾನು ಜಪಾನಿಗೆ ಹೋಗಿದ್ದಾಗಲೇ ಅಪ್ಪನ ವರ್ಷದ ತಿಥಿ ಬಂತು. ಸೋಸಲೆಯಲ್ಲಿ ಅವ್ವ ಎಡೆ ಇಟ್ಟು ಸಂಜೆವರೆಗೆ ಕಾದರೂ ಕಾಗೆ ಮುಟ್ಟಲಿಲ್ಲವಂತೆ. ಕಾಗೆ ಮುಟ್ಟದೆ ಅವಳು ಉಣ್ಣುವವಳಲ್ಲ. ಮರುದಿನ ಬೆಳಿಗ್ಗೆ ನನಗೆ ಫೋನ್ ಮಾಡಿದಳು.

“ನಿಮ್ಮಪ್ಪ ಮಗಳೇ ಇಕ್ಲಿ ಅಂತ ಅಟ ಮಾಡ್ತಾವ್ರೆ ಕಣವ್ವ. ಅಲ್ಲೂ ಕಾಗೆ ಅವೆ ತಾನೆ?”

ಶುಗರ್ ಇರುವ ಹೆಂಗಸು, ನಿನ್ನೆಯಿಂದ ಉಪವಾಸ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಅವತ್ತು ರಜೆ. ಅನ್ನ ಬೇಯಿಸಿ, ಊರಿಂದ ತಂದಿದ್ದ ಹುರುಳಿಕಾಳಿನ ಸಾರು ಮಾಡಿ, ಪೇಪರ್ ತಟ್ಟೆಯಲ್ಲಿ ಹಾಕಿ ರೂಮಿನ ಮುಂದಿನ ಕಟ್ಟೆ ಮೇಲಿಟ್ಟೆ. ಪಕ್ಕದಲ್ಲಿ ಅಪ್ಪನ ಫೋಟೊ ಇಟ್ಟು ‘ಕಾ ಕಾ’ ಎಂದು ಕೂಗಿದೆ. ಅವ್ವ ವಿಡಿಯೊ ಕಾಲಿನಲ್ಲಿ ನೋಡುತ್ತಿದ್ದಳು.

ಬಂದದ್ದು ಎದುರು ಮನೆ ಅಜ್ಜಿ. ಬೀದಿಯ ಕಸದ ಚೀಲಗಳಿಗೆ ಕಾಗೆ ಬಾಯಿ ಹಾಕದಂತೆ ನೀಲಿ ಬಲೆ ಹೊದಿಸಿ ಕಾಯುವವಳೇ ಅವಳು. ಏನೇನೋ ಬೈದಳು, ಒಂದಕ್ಷರವೂ ತಿಳಿಯಲಿಲ್ಲ. ತಟ್ಟೆಯನ್ನು ಎತ್ತಿಕೊಂಡೇಬಿಟ್ಟಳು. ಎಡೆಗೆ ಕೈ ಹಾಕಿದಳಲ್ಲ ಎಂದು ನನಗೆ ಅಳು ಬಂತು. ಹೇಗೆ ಹೇಳಲಿ? ಫೋಟೊ ತೋರಿಸಿದೆ, ತಂತಿ ಮೇಲಿನ ಕಾಗೆ ತೋರಿಸಿದೆ, ಫೋನಿನಲ್ಲಿದ್ದ ಅವ್ವನನ್ನು ತೋರಿಸಿ ಹೊಟ್ಟೆ ಮುಟ್ಟಿಕೊಂಡೆ. ಅಜ್ಜಿ ತಟ್ಟೆ ಕೆಳಗಿಟ್ಟು ಮನೆಯೊಳಗೆ ಹೋದಳು. ಪೊಲೀಸರಿಗೆ ಹೇಳಲು ಹೋದಳೆಂದೇ ತಿಳಿದೆ.

ಪೊರಕೆ ಹಿಡಿದು ಹೊರಗೆ ಬಂದಳು. ಹೊಡೆಯುತ್ತಾಳೋ ಏನೋ ಅಂದುಕೊಂಡು ಹಿಂದೆ ಸರಿದೆ. ಅವಳು ನೆಟ್ಟಗೆ ಕಸದ ಬಳಿ ಹೋಗಿ ನೀಲಿ ಬಲೆ ಸರಿಸಿದಳು. ಐದಾರು ಕಾಗೆಗಳು ಇಳಿದು, ಚೀಲ ಹರಿದು, ರಸ್ತೆ ತುಂಬ ಚೆಲ್ಲಾಡಿದವು. ಅದರಲ್ಲೊಂದು ಹಾರಿ ಬಂದು ಎಡೆ ಮುಟ್ಟಿತು. ಅಜ್ಜಿ ಅಪ್ಪನ ಫೋಟೊಗೆ ಬಗ್ಗಿ ಕೈಮುಗಿದು ರಸ್ತೆ ಗುಡಿಸತೊಡಗಿದಳು. ನಾನು ಕೇಳಿದರೂ ಪೊರಕೆ ಕೊಡಲಿಲ್ಲ. ಅವಳಿಗೆ ಏನು ಅರ್ಥವಾಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಇನ್ನಾದರೂ ಉಣ್ಣು ಎಂದು ಅವ್ವನಿಗೆ ಹೇಳಿದೆ.

“ಆಯಮ್ಮ ಉಂಡವ್ಳಾ ಕೇಳು ಮೊದ್ಲು,” ಅಂದಳು. “ಎಡೆ ಇಕ್ಕಿದ್ ದಿನ ಬಾಗ್ಲಿಗ್ ಬಂದೋರ್ನ ಅಂಗೇ ಕಳುಸ್ಬಾರ್ದು.”

ಅದನ್ನು ಕೇಳುವುದಾದರೂ ಹೇಗೆ? ಬಟ್ಟಲಿಗೆ ಅನ್ನ ಸಾರು ಹಾಕಿ ಅಜ್ಜಿಯ ಮುಂದೆ ಹಿಡಿದೆ. ಅವಳು ಬಟ್ಟಲನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, ಪೊರಕೆ ಗೋಡೆಗೊರಗಿಸಿ ಕಟ್ಟೆ ಮೇಲೆ ಕೂತಳು. ಖಾರಕ್ಕೆ ಕಣ್ಣು, ಮೂಗು ಸುರಿದರೂ ಒಂದಗುಳು ಬಿಡಲಿಲ್ಲ. ತಿಂದು ಮುಗಿಸಿ ಖಾಲಿ ಬಟ್ಟಲನ್ನು ಫೋನಿನ ಮುಂದೆ ಹಿಡಿದು ಅವ್ವನಿಗೆ ತೋರಿಸಿದಳು.

ಆಗ ಸೋಸಲೆಯಲ್ಲಿ ಅವ್ವ ತಟ್ಟೆ ಎಳೆದುಕೊಂಡಳು.