ಹೊಲಿಗೆ ಮಿಷನ್ನಿಗೆ ಕಾವಲು

ಕೆಳಗೆ ಬಣ್ಣದ ಡಬ್ಬಗಳ ಗೋದಾಮು, ಮೇಲೆ ಎರಡು ಮಹಡಿ ಮನೆಗಳು. ಇಂಥ ಕಟ್ಟಡದಲ್ಲಿ ಬೆಂಕಿಯ ಭಯ ಇದ್ದೇ ಇರುತ್ತದೆ. ಅದಕ್ಕೇ ಅಲ್ಲಿನ ಮನೆಯವರು ಒಂದು ಭಾನುವಾರ ತೆರವಿನ ತಾಲೀಮು ಇಟ್ಟುಕೊಂಡರು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮನೆ ಬಿಟ್ಟು ಎದುರಿನ ಮೈದಾನಕ್ಕೆ ಬರಬೇಕು. ಹೇಳಿಕೊಟ್ಟವರು ಅಲ್ಲೇ ವಾಸವಿದ್ದ, ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡುವ ಅಕ್ಕ.

ಗಂಟೆ ಹೊಡೆಯಿತು. ಮಕ್ಕಳು ಮರಿ ಸಮೇತ ಜನ ಇಳಿದು ಬಂದರು. ಎರಡನೇ ಮಹಡಿಯ ಟೈಲರ್ ಮಾತ್ರ ಹೊಲಿಗೆ ಮಿಷನ್ನನ್ನು ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತಾ ಕೊನೆಗೆ ಇಳಿದ. ಅದನ್ನು ಹೆಂಡತಿಯ ಪಕ್ಕ ಇಟ್ಟು ಮತ್ತೆ ಮೆಟ್ಟಿಲ ಕಡೆ ತಿರುಗಿದ.

“ಎಲ್ಲಿಗೆ ಹೊರಟ್ಯಪ್ಪ?” ಅಕ್ಕ ಕೇಳಿದರು.

“ಗಿರಾಕಿಗಳ ಬಟ್ಟೆ ಇದೆಯಲ್ಲಕ್ಕಾ. ತೆರವು ಅಂದ್ರೆ ಮನೆ ಖಾಲಿ ಮಾಡೋದು ತಾನೇ?”

“ನೀನೇನು ಬಾಡಿಗೆ ಮನೆ ಬದಲಾಯಿಸ್ತಿದ್ದೀಯಾ? ತೆರವು ಅಂದ್ರೆ ಅಪಾಯ ಇರೋ ಜಾಗದಿಂದ ಜನ ಆಚೆ ಬರೋದು. ಮೈಕಿನಲ್ಲಿ ‘ತೆರವು ಮಾಡಿ’ ಅಂದ್ರೆ ಹೊರಡಿ ಅಂತ, ಗಂಟುಮೂಟೆ ಕಟ್ಟಿ ಅಂತಲ್ಲ. ಅಪಾಯ ಕಳೆದ ಮೇಲೆ ವಾಪಸ್ ಹೋಗ್ತೀವಿ.”

“ಹೇಳೋದು ಸುಲಭ ಅಕ್ಕಾ. ಇದು ನನ್ನ ಹೊಟ್ಟೆಪಾಡು.”

ಅಕ್ಕ ಸುತ್ತ ಕಣ್ಣಾಡಿಸಿದರು. “ಅದಿರ್ಲಿ, ನಿಮ್ಮಮ್ಮ ಎಲ್ಲಿ?”

ಟೈಲರ್ ಎರಡನೇ ಮಹಡಿಯ ಕಡೆ ನೋಡಿದ. ಅಕ್ಕ ಮೇಲೆ ಹತ್ತಿದರು. ಅವನೂ ಹಿಂದೆಯೇ ಹೋದ. ಅಮ್ಮ ಬಟ್ಟೆಗಂಟುಗಳ ಪಕ್ಕ ಕುರ್ಚಿ ಹಾಕಿಕೊಂಡು, ಊರುಗೋಲು ಹಿಡಿದು ಕೂತಿದ್ದರು.

“ಗಂಟೆ ಕೇಳಿಸ್ಲಿಲ್ವಾ ಅಮ್ಮ?”

“ಕೇಳಿಸ್ತು ಕಣಮ್ಮ. ಸಾಮಾನು ನೋಡ್ಕೊಂಡಿರು, ನಾನು ಬರೋವರೆಗೂ ಕದಲಬೇಡ ಅಂತ ಮಗ ಹೇಳಿದ್ದಾನಲ್ಲ.”

ಅಕ್ಕ ಟೈಲರನನ್ನು ಬೈಯಲಿಲ್ಲ. “ನಿಜವಾದ ಬೆಂಕಿ ಆಗಿದ್ರೆ ಮೆಟ್ಟಿಲ ತುಂಬ ಹೊಗೆ ಇರ್ತಿತ್ತು. ವಾಪಸ್ ಹತ್ತೋಕೆ ನಿನ್ನನ್ನ ಬಿಡ್ತಿರ್ಲಿಲ್ಲ” ಎಂದಷ್ಟೇ ಹೇಳಿದರು. ಟೈಲರ್ ಅಮ್ಮನ ಕೈ ಹಿಡಿದು ಎಬ್ಬಿಸಿದ. ಅವನಿಗೆ ಭಯವಾಗಿತ್ತು, ನಾಚಿಕೆಯೂ ಆಗಿತ್ತು.

ಅವತ್ತೇ ಮನೆಯಲ್ಲಿ ಮಾತಾಯಿತು. ಗಂಟೆ ಹೊಡೆದರೆ ಹೆಂಡತಿ ಬಾಗಿಲು ತೆಗೆಯುವುದು, ಅವನು ಅಮ್ಮನನ್ನು ಕರೆತರುವುದು. ಬೇರೆ ಯಾವುದಕ್ಕೂ ಕೈ ಹಾಕುವ ಹಾಗಿಲ್ಲ.

ಕೆಲವು ತಿಂಗಳಲ್ಲೇ ಗೋದಾಮಿಗೆ ನಿಜಕ್ಕೂ ಬೆಂಕಿ ಬಿತ್ತು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಹಾಗೇ ಟೈಲರ್ ಅಮ್ಮನನ್ನು ಎತ್ತಿಕೊಂಡು, ಹೊಗೆ ಇರದ ಹಿಂಬದಿಯ ಮೆಟ್ಟಿಲಿಳಿದ. ಮೈದಾನ ಸೇರಿದ ಮೇಲೆ ಅಮ್ಮ ಗಾಬರಿಯಿಂದ ಕೇಳಿದರು, “ಲೋ, ಮಿಷನ್ನಿನ ಹತ್ರ ಯಾರಿದ್ದಾರೋ?”

“ಯಾರೂ ಇಲ್ಲಮ್ಮ. ಯಾರೂ ಇರಬಾರದು.”

ಕಟ್ಟಡ ಉಳಿಯಿತು. ಮಿಷನ್ನಿಗೆ ಮಸಿ ಹಿಡಿದಿತ್ತು, ಒರೆಸಿಕೊಂಡ. ಬಟ್ಟೆ ಹಾಳಾಯಿತೆಂದು ಗಿರಾಕಿಗಳು ಬೈದರು, ಬೈಸಿಕೊಂಡ. ಅಮ್ಮ ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಿದ್ದರು.

ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಬೇಗ ನಡೆಯಲಾಗದವರು ಒಬ್ಬರಿರಬಹುದು. ತೆರವಿನ ಕರೆ ಬಂದಾಗ ಅವರ ಕೈ ಹಿಡಿಯುವವರು ಯಾರೆಂದು ಇವತ್ತೇ ಮಾತಾಡಿಕೊಳ್ಳಿ. ಬೆಂಕಿಯಾದರೆ ಲಿಫ್ಟ್ ಹತ್ತಬೇಡಿ, ಮೆಟ್ಟಿಲಲ್ಲೇ ಇಳಿಯಿರಿ. ಹೊರಗೆ ಬಂದ ಮೇಲೆ ಯಾವುದಕ್ಕೂ ಒಳಗೆ ಹೋಗಬೇಡಿ. ಸಾಮಾನಿನ ಕಾವಲಿಗೆ ಯಾರನ್ನೂ ಬಿಟ್ಟು ಬರಬೇಡಿ.